ಶಟರ್‌ಗೆ ಎರಡು ಬೀಗ, ಕಂಪ್ಯೂಟರ್‌ಗೆ ಒಂದೂ ಇಲ್ಲ: ವಿಂಡೋಸ್ ಪಾಸ್‌ವರ್ಡ್ ನಂಬಿ ಕೂತವರಿಗೆ

ತಿಪಟೂರು: ಕಳೆದ ವಾರ ಇಲ್ಲಿನ ಎಪಿಎಂಸಿ ಯಾರ್ಡ್‌ನ ಒಂದು ಕೊಬ್ಬರಿ ಮಂಡಿಯಲ್ಲಿ ಕೂತಿದ್ದಾಗ ಮಾತು ಕಂಪ್ಯೂಟರ್ ಕಡೆ ತಿರುಗಿತು. "ನಮ್ದಕ್ಕೆ ಪಾಸ್‌ವರ್ಡ್ ಇದೆ ಬಿಡಿ, ನಾನು ಹೊಡೆದ್ರೇನೇ ಓಪನ್ ಆಗೋದು" ಅಂದರು ಮಾಲೀಕರು. ಅವರ ಒಪ್ಪಿಗೆ ಕೇಳಿ, ಬ್ಯಾಗಿನಲ್ಲಿದ್ದ ಒಂದು ಪೆನ್‌ಡ್ರೈವ್ ಚುಚ್ಚಿ ಮೆಷೀನ್ ರೀಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್ ಕೇಳುವ ಪರದೆ ಬರಲೇ ಇಲ್ಲ. ಪೆನ್‌ಡ್ರೈವ್‌ನಲ್ಲಿದ್ದ ಉಬುಂಟು ಶುರುವಾಯಿತು. ಐದು ನಿಮಿಷದಲ್ಲಿ ಅವರ ಡಿ ಡ್ರೈವ್ ಪೂರ್ತಿ ನಮ್ಮ ಮುಂದಿತ್ತು: ಟ್ಯಾಲಿ ಫೋಲ್ಡರ್, ಉತ್ತರ ಭಾರತದ ಪಾರ್ಟಿಗಳಿಗೆ ಹೋದ ಬಿಲ್‌ಗಳು, ರೈತರ ಪಾಸ್‌ಬುಕ್ ಫೋಟೊಗಳು, ಮನೆ ಮಗಳ ಮದುವೆ ಆಲ್ಬಂ ಕೂಡ.

ಮಾಲೀಕರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಇಷ್ಟು ದಿನ ಇದಕ್ಕೆ ಬೀಗಾನೇ ಇರ್ಲಿಲ್ವಾ?" ಅಂತ ಕೇಳಿದರು.

ಇರಲಿಲ್ಲ. ಅವರೊಬ್ಬರದ್ದೇ ಅಲ್ಲ, ಈ ಬರಹಕ್ಕಾಗಿ ಪೇಟೆಯಲ್ಲಿ ಸುತ್ತಿ ನೋಡಿದ ಬಹುತೇಕ ಅಂಗಡಿಗಳದ್ದೂ ಇದೇ ಕಥೆ. ಶಟರ್‌ಗೆ ಎರಡು ಬೀಗ, ಒಳಗೆ ಸಿಸಿಟಿವಿ, ಗಲ್ಲಾಪೆಟ್ಟಿಗೆಗೆ ಬೇರೆ ಕೀಲಿ. ವ್ಯಾಪಾರದ ಪೂರ್ತಿ ಲೆಕ್ಕ ಹೊಟ್ಟೆಯಲ್ಲಿಟ್ಟುಕೊಂಡ ಡಬ್ಬ ಮಾತ್ರ ಮೇಜಿನ ಕೆಳಗೆ ಹಂಗೇ ಕೂತಿರುತ್ತೆ.

ಈ ವಿಷಯ ಈಗ ಯಾಕೆ ಅಂದ್ರೆ ಎರಡು ಕಾರಣ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯಾರೂ ಮರೆತಿಲ್ಲ. ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತು ಬಿಸಾಕಿ "ಓನ್ಲಿ ಕ್ಯಾಶ್" ಬೋರ್ಡ್ ಹಾಕಿದ್ದರಲ್ಲ, ಅದೇ. ಆ ಗಲಾಟೆ ಆದಮೇಲೆ, ಚೀಟಿಯಲ್ಲಿ ಲೆಕ್ಕ ಬರೆಯುತ್ತಿದ್ದ ಎಷ್ಟೋ ಜನ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ಬಿಲ್ಲಿಂಗ್ ಶುರು ಮಾಡಿದರು. ಇನ್ನೊಂದು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಬೇಕಾದವರಿಗೆ ಸೀಮಿತ ಅವಧಿಯ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟರು, ಅಷ್ಟೇ. ಹಾಗಾಗಿ ಹಳೇ ಮೆಷೀನ್ ಕೊಡೋರು, ತಗೊಳ್ಳೋರು, ವಿಂಡೋಸ್ 11 ಹಾಕಿಸೋರು ಎಲ್ಲರೂ ರಿಪೇರಿ ಅಂಗಡಿ ಮುಂದೆ ಸಾಲುಗಟ್ಟಿದ್ದಾರೆ. ಲೆಕ್ಕ ಕಂಪ್ಯೂಟರ್ ಒಳಗೆ ಹೋಯಿತು, ಕಂಪ್ಯೂಟರ್ ಕೈಯಿಂದ ಕೈಗೆ ಹೋಗುತ್ತಿದೆ.

ಬೀಗ ಎಲ್ಲಿ ಇರಬೇಕಿತ್ತು

ಪವರ್ ಬಟನ್ ಒತ್ತಿದ ತಕ್ಷಣ ವಿಂಡೋಸ್ ಬರುವುದಿಲ್ಲ. ಮೊದಲು ಎದ್ದೇಳೋದು ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿರುವ ಸಣ್ಣ ಪ್ರೋಗ್ರಾಂ. ಹಳಬರು ಬಯೋಸ್ ಅಂತಾರೆ, ಈಗಿನ ಮೆಷೀನ್‌ಗಳಲ್ಲಿ ಅದರ ಜಾಗದಲ್ಲಿರುವುದು ಯುಇಎಫ್ಐ. ಅದು ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲಾ ಸರಿ ಇದೆಯಾ ನೋಡಿ, ಆಮೇಲೆ ಒಂದು ಪಟ್ಟಿ ಹಿಡಿದು ಹುಡುಕುತ್ತೆ: ಪೆನ್‌ಡ್ರೈವ್‌ನಿಂದ ಶುರು ಮಾಡಲಾ, ಡಿಸ್ಕ್‌ನಿಂದ ಶುರು ಮಾಡಲಾ ಅಂತ. ಈ ಪಟ್ಟಿಯನ್ನೇ ಬೂಟ್ ಆರ್ಡರ್ ಅನ್ನೋದು. ವಿಂಡೋಸ್‌ನ ಪಾಸ್‌ವರ್ಡ್ ಬರುವುದು ಇದೆಲ್ಲ ಮುಗಿದ ಮೇಲೆ, ಅದೂ ವಿಂಡೋಸ್ ಶುರುವಾದರೆ ಮಾತ್ರ. ಬೇರೆ ಯಾವುದೋ ಶುರುವಾದರೆ ನಿಮ್ಮ ಪಾಸ್‌ವರ್ಡ್ ಕೇಳುವವರೇ ಇಲ್ಲ. ಹಾಲ್‌ನ ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಲೆಕ್ಕ.

ಹಿತ್ತಲ ಬಾಗಿಲು ಮುಚ್ಚುವುದು ಕಷ್ಟದ ಕೆಲಸವಲ್ಲ, ಖರ್ಚೂ ಇಲ್ಲ. ಆನ್ ಆಗುವಾಗ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಅಸೆಂಬಲ್ಡ್ ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಡಿಲೀಟ್ ಕೀ ಒತ್ತುತ್ತಾ ಇದ್ದರೆ ಸೆಟಪ್ ಪರದೆ ಬರುತ್ತೆ. ಅಲ್ಲಿ ಸೆಕ್ಯುರಿಟಿ ಅನ್ನುವ ಭಾಗದಲ್ಲಿ ಎರಡು ಥರದ ಪಾಸ್‌ವರ್ಡ್ ಕಾಣಿಸುತ್ತವೆ. ಒಂದು ಸೂಪರ್‌ವೈಸರ್ ಅಥವಾ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಇದು ಸೆಟ್ಟಿಂಗ್ ಬದಲಾಯಿಸದಂತೆ ತಡೆಯುತ್ತೆ. ಇನ್ನೊಂದು ಯೂಸರ್ ಅಥವಾ ಪವರ್ ಆನ್ ಪಾಸ್‌ವರ್ಡ್; ಇದನ್ನು ಹೊಡೆಯದೆ ಮೆಷೀನ್ ಮುಂದಕ್ಕೆ ಹೋಗುವುದೇ ಇಲ್ಲ.

ಎರಡರಲ್ಲಿ ಯಾವುದು? ಹೆಚ್ಚಿನ ಜನ, ಕೆಲವು ರಿಪೇರಿಯವರೂ ಸೇರಿ, ಎರಡನೆಯದನ್ನು ಹಾಕಿಬಿಡುತ್ತಾರೆ. ಬಿಲ್ಲಿಂಗ್ ಕೌಂಟರ್‌ಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಯೋಚನೆ ಮಾಡಿ, ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತೆ. ಯುಪಿಎಸ್ ಬ್ಯಾಟರಿ ಹಳೇದಾಗಿದ್ದರೆ ಪ್ರತಿ ಸಲವೂ ಕಂಪ್ಯೂಟರ್ ಆಫ್. ಮಾಲೀಕರು ಊಟಕ್ಕೆ ಹೋಗಿದ್ದಾರೆ, ಗಿರಾಕಿ ನಿಂತಿದ್ದಾರೆ, ಕೌಂಟರ್ ಹುಡುಗನಿಗೆ ಪಾಸ್‌ವರ್ಡ್ ಗೊತ್ತಿರಲೇಬೇಕು. ಹುಡುಗನಿಂದ ಇನ್ನೊಬ್ಬ ಹುಡುಗನಿಗೆ, ಒಂದು ವಾರದಲ್ಲಿ ಮಾನಿಟರ್ ಮೂಲೆಗೆ ಅಂಟಿಸಿದ ಚೀಟಿಗೆ. ಎಲ್ಲರಿಗೂ ಗೊತ್ತಿರುವ ಗುಟ್ಟು ಕಾಯುವುದಾದರೂ ಯಾರಿಂದ?

ಅದರ ಬದಲು ಸೂಪರ್‌ವೈಸರ್ ಪಾಸ್‌ವರ್ಡ್ ಮಾತ್ರ ಹಾಕಿ, ಯುಎಸ್‌ಬಿಯಿಂದ ಬೂಟ್ ಆಗುವುದನ್ನು ಬಂದ್ ಮಾಡಿದರೆ, ಬೆಳಿಗ್ಗೆ ಯಾರು ಬೇಕಾದರೂ ಆನ್ ಮಾಡಬಹುದು. ವಿಂಡೋಸ್ ಬಿಟ್ಟು ಬೇರೆ ಏನೂ ಶುರುವಾಗುವುದಿಲ್ಲ. ಹುಡುಗರಿಗೆ ವಿಂಡೋಸ್‌ನಲ್ಲಿ ಬೇರೆ ಸಾಮಾನ್ಯ ಅಕೌಂಟ್ ಮಾಡಿಕೊಡಿ. ಒಂದು ಎಚ್ಚರ: ಪಾಸ್‌ವರ್ಡ್ ಹಾಕಿದ ಮಾತ್ರಕ್ಕೆ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸುವ ದಾರಿ ಎಲ್ಲಾ ಮೆಷೀನ್‌ನಲ್ಲೂ ಮುಚ್ಚುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಬೂಟ್ ಮೆನುವನ್ನು ಬೇರೆಯಾಗಿ ಆಫ್ ಮಾಡಬೇಕು. ಹಾಗಾಗಿ ಸೆಟ್ಟಿಂಗ್ ಮುಗಿಸಿದ ಮೇಲೆ ಬೂಟ್ ಆಗುವ ಪೆನ್‌ಡ್ರೈವ್ ಒಂದನ್ನು ಹಾಕಿ ಪರೀಕ್ಷೆ ಮಾಡಿ ನೋಡಿ. ರಿಪೇರಿಯವರ ಹತ್ತಿರ ಅಂಥದ್ದು ಇದ್ದೇ ಇರುತ್ತೆ.

ಇನ್ನೊಂದು ಅಭ್ಯಾಸದ ಮಾತು. ರಾತ್ರಿ ಶಟ್‌ಡೌನ್ ಮಾಡದೆ ಸ್ಲೀಪ್‌ಗೆ ಹಾಕಿ ಹೋಗೋರಿಗೆ ಪವರ್ ಆನ್ ಪಾಸ್‌ವರ್ಡ್ ಇದ್ದರೂ ಉಪಯೋಗ ಕಡಿಮೆ. ನಿದ್ದೆಯಿಂದ ಎದ್ದ ಮೆಷೀನ್ ಸಾಮಾನ್ಯವಾಗಿ ಆ ಪ್ರಶ್ನೆ ಕೇಳುವುದೇ ಇಲ್ಲ.

ಐವತ್ತು ರೂಪಾಯಿ ಬ್ಯಾಟರಿಯ ವಿಷಯ

ಈ ಬೀಗ ಎಷ್ಟು ಗಟ್ಟಿ ಅನ್ನೋದು ಮೆಷೀನ್ ಮೇಲೆ ಹೋಗುತ್ತೆ. ಅಸೆಂಬಲ್ಡ್ ಡೆಸ್ಕ್‌ಟಾಪ್ ಒಳಗೆ ಒಂದು ರೂಪಾಯಿ ನಾಣ್ಯದ ಥರದ ಬ್ಯಾಟರಿ ಇರುತ್ತೆ, ಸಿಆರ್2032 ಅಂತ. ಸ್ಟೇಷನರಿ ಅಂಗಡಿಯಲ್ಲೂ ಐವತ್ತು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತೆ. ಬಹಳಷ್ಟು ಹಳೇ ಬೋರ್ಡ್‌ಗಳಲ್ಲಿ ಆ ಬ್ಯಾಟರಿ ತೆಗೆದು ಹಾಕಿದರೆ, ಇಲ್ಲವೇ ಪಕ್ಕದ ಜಂಪರ್ ಬದಲಿಸಿದರೆ, ಬಯೋಸ್ ಪಾಸ್‌ವರ್ಡ್ ಸಮೇತ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗುತ್ತೆ. ಅಂದರೆ ಸ್ಕ್ರೂಡ್ರೈವರ್ ಹಿಡಿದವನ ಮುಂದೆ ಈ ಬೀಗ ನಿಲ್ಲುವುದಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಹತ್ತು ನಿಮಿಷ ಒಂಟಿಯಾಗಿ ಕೂತವನನ್ನು ತಡೆಯುತ್ತೆ, ರಾತ್ರಿ ಡಬ್ಬವನ್ನೇ ಹೊತ್ತುಕೊಂಡು ಹೋದವನನ್ನು ತಡೆಯುವುದಿಲ್ಲ.

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ, ಜಿಎಸ್‌ಟಿ ಪೋರ್ಟಲ್ ತೆರೆಯಲು ಹೋದಾಗ ಬ್ರೌಸರ್ ಸರ್ಟಿಫಿಕೇಟ್ ಎರರ್ ಅಂತ ಕೂಗಿದರೆ, ಆ ಬ್ಯಾಟರಿ ಸತ್ತಿದೆ ಅಂತ ಅರ್ಥ ಇರಬಹುದು. ಅಥವಾ ಯಾರೋ ತೆಗೆದು ಹಾಕಿದ್ದಾರೆ. ಎರಡರಲ್ಲಿ ಯಾವುದೇ ಆದರೂ, ನೀವು ಹಾಕಿದ್ದ ಸೂಪರ್‌ವೈಸರ್ ಪಾಸ್‌ವರ್ಡ್ ಇನ್ನೂ ಇದೆಯಾ ಅಂತ ಅವತ್ತೇ ನೋಡಿಕೊಳ್ಳಿ. ಹಳೇ ತಾರೀಖಿನಲ್ಲಿ ಬಿಲ್ ಹೋಗಿ ಲೆಕ್ಕದವರ ಹತ್ತಿರ ಬೈಸಿಕೊಳ್ಳುವುದು ಬೇರೆ ಕಥೆ.

ಬ್ರ್ಯಾಂಡೆಡ್ ಬಿಸಿನೆಸ್ ಲ್ಯಾಪ್‌ಟಾಪ್‌ಗಳದ್ದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಪಾಸ್‌ವರ್ಡ್ ಕೂರುವ ಚಿಪ್‌ಗೆ ಬ್ಯಾಟರಿ ಹಂಗೇ ಬೇಡ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡ್ ಬದಲಿಸಬೇಕು ಅಂತ ಲೆನೊವೊ ತನ್ನ ಕೈಪಿಡಿಯಲ್ಲೇ ಹೇಳುತ್ತೆ. ಡೆಲ್ ಆದರೆ ಮೆಷೀನ್ ನಿಮ್ಮದೇ ಅಂತ ದಾಖಲೆ ತೋರಿಸಿ ಅವರ ಸಪೋರ್ಟ್‌ನಿಂದ ಬಿಡಿಸಿಕೊಳ್ಳುವ ದಾರಿ ಇದೆ. ಬಿಲ್ ಇಲ್ಲದೆ ತಂದ ಲ್ಯಾಪ್‌ಟಾಪ್‌ನವರು ಏನು ತೋರಿಸುತ್ತಾರೆ?

ಡಿಸ್ಕ್ ಕಿತ್ತುಕೊಂಡು ಹೋದರೆ

ಬಯೋಸ್ ಬೀಗ ಎಷ್ಟೇ ಗಟ್ಟಿ ಇದ್ದರೂ ಒಳಗಿನ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಫೈಲ್‌ಗಳು ಓದಲು ಸಿಗುತ್ತವೆ. ಅದಕ್ಕೆ ಬೇಕಾಗಿರುವುದು ಎನ್‌ಕ್ರಿಪ್ಶನ್, ಅಂದರೆ ಡಿಸ್ಕ್‌ನಲ್ಲಿ ಬರೆದದ್ದನ್ನೇ ಕೀಲಿ ಇಲ್ಲದವರಿಗೆ ಅರ್ಥವಾಗದಂತೆ ಗುಪ್ತಲಿಪಿ ಮಾಡುವುದು. ವಿಂಡೋಸ್ ಪ್ರೊನಲ್ಲಿ ಇದರ ಹೆಸರು ಬಿಟ್‌ಲಾಕರ್. ಹೋಂ ಆವೃತ್ತಿಯಲ್ಲಿ, ಮೆಷೀನ್ ತಕ್ಕದ್ದಾಗಿದ್ದರೆ, ಡಿವೈಸ್ ಎನ್‌ಕ್ರಿಪ್ಶನ್ ಅಂತ ಇರುತ್ತೆ.

ಲ್ಯಾಪ್‌ಟಾಪ್ ಹಿಡಿದು ರೈಲಲ್ಲಿ ತುಮಕೂರು, ಬೆಂಗಳೂರು ಅಂತ ಓಡಾಡುವ ಲೆಕ್ಕಪರಿಶೋಧಕರು, ವಿಮೆ ಏಜೆಂಟರು, ಸಾಲದ ಕಾಗದ ಇಟ್ಟುಕೊಂಡಿರುವ ಸೌಹಾರ್ದ ಸಹಕಾರಿಗಳು, ಗಿರಾಕಿಗಳ ಆಧಾರ್ ಸ್ಕ್ಯಾನ್ ಡೌನ್‌ಲೋಡ್ ಫೋಲ್ಡರ್‌ನಲ್ಲೇ ಬಿಡುವ ಸೈಬರ್ ಸೆಂಟರ್‌ಗಳು, ಇವರಿಗೆ ಇದು ಬೇಕೇ ಬೇಕು. ದಿನಸಿ ಅಂಗಡಿಯ ಬಿಲ್ಲಿಂಗ್ ಮೆಷೀನ್‌ಗೆ ಇದಕ್ಕಿಂತ ಮೊದಲು ಬ್ಯಾಕಪ್ ನೋಡಿ. ಟ್ಯಾಲಿ ಒಂದನ್ನೇ ಕಾಯಬೇಕು ಅನ್ನುವವರಿಗೆ ಅದರಲ್ಲೇ ಟ್ಯಾಲಿವಾಲ್ಟ್ ಅಂತ ಇದೆ. ಕಂಪನಿಯ ಲೆಕ್ಕವನ್ನಷ್ಟೇ ಎನ್‌ಕ್ರಿಪ್ಟ್ ಮಾಡುತ್ತೆ. ಆದರೆ ಆ ಪಾಸ್‌ವರ್ಡ್ ಮರೆತರೆ ವಾಪಸ್ ತರುವ ದಾರಿ ಇಲ್ಲ.

ಈಗ ನಿಜವಾದ ತೊಂದರೆಗೆ ಬರೋಣ. ಕಳ್ಳನಿಗಿಂತ ಹೆಚ್ಚಾಗಿ ಈ ಬೀಗಗಳು ಹೊರಗೆ ನಿಲ್ಲಿಸುತ್ತಿರುವುದು ಮಾಲೀಕರನ್ನೇ. ವಿಂಡೋಸ್ 11ರ 2024ರ ಆವೃತ್ತಿಯಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹೆಚ್ಚಿನ ಮೆಷೀನ್‌ಗಳಲ್ಲಿ ಎನ್‌ಕ್ರಿಪ್ಶನ್ ತಾನೇ ತಾನಾಗಿ ಆನ್ ಆಗುತ್ತೆ. ನಿಮ್ಮನ್ನು ಕೇಳುವುದೂ ಇಲ್ಲ. ಅದರ 48 ಅಂಕಿಗಳ ರಿಕವರಿ ಕೀ ಲಾಗಿನ್ ಆದವರ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೂರುತ್ತೆ. ನೀವು ಲಾಗಿನ್ ಆಗಿದ್ದರೆ ನಿಮ್ಮ ಖಾತೆಗೆ. ಮೆಷೀನ್ ಕೊಡುವಾಗ ಅಂಗಡಿಯ ಹುಡುಗ "ಸರ್, ಒಂದ್ನಿಮಿಷ" ಅಂತ ತನ್ನದೇ ಇಮೇಲ್ ಹಾಕಿ ಸೆಟಪ್ ಮುಗಿಸಿದ್ದರೆ ಅವನ ಖಾತೆಗೆ.

ಆಮೇಲೆ ಒಂದು ದಿನ ಬಯೋಸ್ ಅಪ್‌ಡೇಟ್ ಆಗುತ್ತೆ, ಇಲ್ಲವೇ ಈ ಬರಹ ಓದಿ ಯಾರೋ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಮುಟ್ಟುತ್ತಾರೆ. ಶುರುವಿನ ಹಾದಿಯಲ್ಲಿ ಏನೋ ಬದಲಾಗಿದೆ ಅಂತ ಬಿಟ್‌ಲಾಕರ್‌ಗೆ ಅನುಮಾನ ಬಂದು ನೀಲಿ ಪರದೆಯಲ್ಲಿ ಆ 48 ಅಂಕಿ ಕೇಳುತ್ತೆ. ಆ ಹುಡುಗ ಅಷ್ಟರಲ್ಲಿ ಬೆಂಗಳೂರಲ್ಲಿ ಬೇರೆ ಕೆಲಸಕ್ಕೆ ಸೇರಿರುತ್ತಾನೆ. ಕೀ ಸಿಗದಿದ್ದರೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಶುರು ಮಾಡುವುದು ಬಿಟ್ಟರೆ ಗತಿ ಇಲ್ಲ, ಮೈಕ್ರೋಸಾಫ್ಟ್‌ನವರೂ ಕೈ ಎತ್ತುತ್ತಾರೆ.

ದೊಡ್ಡವರಿಗೂ ಇದು ಬಿಟ್ಟಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಬಿದ್ದುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟಿದ್ದು ನೆನಪಿರಬಹುದು. ಸರಿ ಮಾಡುವ ವಿಧಾನ ಸುಲಭವಿತ್ತು, ಸೇಫ್ ಮೋಡ್‌ನಲ್ಲಿ ಶುರು ಮಾಡಿ ಒಂದು ಫೈಲ್ ಅಳಿಸುವುದು. ಆದರೆ ಬಿಟ್‌ಲಾಕರ್ ಇದ್ದ ಮೆಷೀನ್‌ಗಳು ಮೊದಲು ರಿಕವರಿ ಕೀ ಕೇಳಿದವು. ಕೀ ಪಟ್ಟಿ ಕೈಯಲ್ಲಿ ಇಟ್ಟುಕೊಳ್ಳದ ಕಂಪನಿಗಳು ತಮ್ಮದೇ ಬೀಗದ ಮುಂದೆ ಪರದಾಡಿದವು.

ಕೀಲಿ ಯಾರ ಜೇಬಲ್ಲಿ

ನನ್ನ ಪ್ರಕಾರ ನಮ್ಮ ಪೇಟೆಯ ಸಮಸ್ಯೆ ಇರುವುದು ಇಲ್ಲಿ. ಬೀಗ ಹಾಕುವ ಕೆಲಸ ರಿಪೇರಿಯವರದ್ದು, ಕೀಲಿಯೂ ಅವರ ಜೇಬಲ್ಲೇ ಉಳಿಯುತ್ತೆ. ರಿಪೇರಿಯವರು ಕೆಟ್ಟವರು ಅಂತಲ್ಲ. ಎಲ್ಲಾ ಗಿರಾಕಿಗಳಿಗೂ ನೆನಪಿರಲಿ ಅಂತ ಒಂದೇ ಪಾಸ್‌ವರ್ಡ್ ಹಾಕುವ ಪದ್ಧತಿ ಇದೆ, ಅದು ಅಂಗಡಿ ಹೆಸರಿನ ಜೊತೆ 123 ಅಂತಲೇ ಇರುತ್ತೆ. ಒಂದು ಕಡೆ ಗೊತ್ತಾದರೆ ಬೀದಿಯ ಎಲ್ಲಾ ಮೆಷೀನ್ ತೆರೆದ ಹಾಗೆ. ಇನ್ನು ಲೆಕ್ಕ ಬರೆಯುವ ಗುಮಾಸ್ತರೇ ಪಾಸ್‌ವರ್ಡ್ ಹಾಕಿಕೊಂಡು, ಸಂಬಳದ ವಿಷಯಕ್ಕೆ ಮನಸ್ತಾಪ ಬಂದು ಕೆಲಸ ಬಿಟ್ಟರೆ ಏನಾಗುತ್ತೆ ಅಂತ ಯೋಚಿಸಿ.

ತೆರಿಗೆಯವರು ಬಂದರೆ "ಪಾಸ್‌ವರ್ಡ್ ಅವನ ಹತ್ರ ಇದೆ ಸಾರ್" ಅನ್ನುವ ಉತ್ತರ ನಡೆಯುವುದಿಲ್ಲ. ಜಿಎಸ್‌ಟಿ ನಿಯಮ 57ರಲ್ಲಿ ಸ್ಪಷ್ಟವಾಗಿದೆ: ಕಂಪ್ಯೂಟರ್‌ನಲ್ಲಿ ಲೆಕ್ಕ ಇಟ್ಟರೆ ಅದರ ಬ್ಯಾಕಪ್ ಇರಬೇಕು, ಅಧಿಕಾರಿ ಕೇಳಿದಾಗ ಫೈಲ್‌ಗಳ ವಿವರ, ಅವುಗಳ ಪಾಸ್‌ವರ್ಡ್ ಕೊಡಬೇಕು. ಈ ಲೆಕ್ಕಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು ಅಂತ ಕಾಯ್ದೆಯ 36ನೇ ಸೆಕ್ಷನ್ ಹೇಳುತ್ತೆ. ಆರು ವರ್ಷ. ಅಷ್ಟರಲ್ಲಿ ನಿಮ್ಮಲ್ಲಿ ಎಷ್ಟು ಜನ ಗುಮಾಸ್ತರು ಬದಲಾಗುತ್ತಾರೆ?

ಆದ್ದರಿಂದ ಯಾರು ಹಾಕಿದರೂ ನಿಮ್ಮ ಎದುರೇ ಹಾಕಿಸಿ, ಕೊನೆಗೆ ಕೀಬೋರ್ಡ್ ನಿಮ್ಮ ಕೈಗೆ ತಗೊಂಡು ಪಾಸ್‌ವರ್ಡ್ ನೀವೇ ಹೊಡೆಯಿರಿ. ಕಾಗದದಲ್ಲಿ ಬರೆದಿಡುವುದು ತಪ್ಪು ಅನ್ನೋರಿದ್ದಾರೆ. ಮಾನಿಟರ್ ಮೇಲೆ ಅಂಟಿಸುವುದು ತಪ್ಪು, ಮನೆ ಬೀರುವಿನಲ್ಲಿ ಅಂಗಡಿ ಪತ್ರದ ಜೊತೆ ಇಡುವುದು ತಪ್ಪಲ್ಲ. ಬಯೋಸ್ ಪಾಸ್‌ವರ್ಡ್, ಬಿಟ್‌ಲಾಕರ್‌ನ 48 ಅಂಕಿ, ಟ್ಯಾಲಿವಾಲ್ಟ್, ಮೂರೂ ಒಂದೇ ಕವರ್‌ನಲ್ಲಿ ಇರಲಿ, ಮನೆಯಲ್ಲಿ ಇನ್ನೊಬ್ಬರಿಗೆ ಆ ಕವರ್ ಎಲ್ಲಿದೆ ಅಂತ ಗೊತ್ತಿರಲಿ. ಬಯೋಸ್ ಮುಟ್ಟುವ ಮೊದಲು ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ, ಇದ್ದರೆ ಕೀ ಬರೆದುಕೊಂಡೇ ಮುಂದುವರಿಯಿರಿ. ಈ ಕ್ರಮ ಉಲ್ಟಾ ಆದರೆ ಆಗುವ ಪಜೀತಿಯನ್ನು ಮೇಲೆ ಹೇಳಿದ್ದೇನೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಅಂತ ಮೂರನೆಯದೊಂದು ಇರುತ್ತೆ. ಮರೆತರೆ ಡಿಸ್ಕೇ ಹೋದ ಹಾಗೆ, ಅದರ ತಂಟೆ ಬೇಡ.

ನೆನಪಿಗೆ ಬಂದದ್ದಕ್ಕೆ ಒಂದು ಮಾತು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ತಾಲ್ಲೂಕು ಕಚೇರಿಗಳಿಗೆ ಭೂಮಿ ಯೋಜನೆ ಬಂದಾಗ, ಪಹಣಿ ತಿದ್ದುವ ಕಂಪ್ಯೂಟರ್‌ಗೆ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಪಾಸ್‌ವರ್ಡ್ ಆದರೆ ಕೈ ಬದಲಾಗುತ್ತೆ, ಆಮೇಲೆ "ನಾನಲ್ಲ" ಅಂತಾರೆ ಅನ್ನೋದು ಅವತ್ತಿನವರಿಗೆ ಗೊತ್ತಿತ್ತು.

ಕಾನೂನು ಏನನ್ನುತ್ತೆ

ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಒಳಹೊಕ್ಕು ಮಾಹಿತಿ ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಅಡಿ ಬರುತ್ತೆ. ದುರುದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೂರು ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ಕೊಡಬಹುದು. ಹಣ ಹೋಗಿದ್ದರೆ ಕಾಯಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಗಿರಾಕಿಗಳ ಮಾಹಿತಿ ಇಟ್ಟುಕೊಂಡವರ ಮೇಲೂ ಹೊಣೆ ಬರುತ್ತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಕಾಯಲು ತಕ್ಕ ಭದ್ರತೆ ಇಡದಿದ್ದರೆ ಗರಿಷ್ಠ ದಂಡ 250 ಕೋಟಿ ರೂಪಾಯಿವರೆಗೆ. ಆ ಅಂಕಿ ದೊಡ್ಡ ಕಂಪನಿಗಳನ್ನು ನೋಡಿ ಬರೆದದ್ದು, ನಮ್ಮ ಜೆರಾಕ್ಸ್ ಅಂಗಡಿಗೆ ಅಷ್ಟು ಬೀಳುತ್ತೆ ಅಂತ ಹೆದರಿಸುವುದು ಸರಿಯಲ್ಲ. ಆದರೆ ದಿನಕ್ಕೆ ಹತ್ತಾರು ಆಧಾರ್ ಪ್ರತಿ ಮುಟ್ಟುವ ಸೆಂಟರ್‌ನವರು "ನಮಗೆ ಗೊತ್ತಿರಲಿಲ್ಲ" ಅನ್ನುವ ಕಾಲ ಮುಗಿಯುತ್ತಾ ಬಂತು.

ಹಳೇ ಮೆಷೀನ್ ಮಾರುವಾಗ, ತರುವಾಗ

ಮಾರುವವರು ಫೈಲ್ ಡಿಲೀಟ್ ಮಾಡಿದರೆ ಸಾಲದು, ಅವು ವಾಪಸ್ ತೆಗೆಯಲು ಸಿಗುತ್ತವೆ. ವಿಂಡೋಸ್‌ನ ರೀಸೆಟ್‌ನಲ್ಲಿ ಎಲ್ಲಾ ತೆಗೆಯುವ, ಡ್ರೈವ್ ಶುಚಿ ಮಾಡುವ ಆಯ್ಕೆ ಇದೆ, ಕೆಲವು ಗಂಟೆ ಹಿಡಿದರೂ ಅದನ್ನೇ ಕೊಡಿ. ಬಯೋಸ್ ಪಾಸ್‌ವರ್ಡ್ ತೆಗೆದು ಕೊಡುವುದು ಮರೆಯಬೇಡಿ, ತಗೊಂಡವರು ನಿಮಗೇ ಫೋನ್ ಮಾಡುತ್ತಾರೆ.

ತರುವವರಿಗೆ ಅಪಾಯ ಜಾಸ್ತಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಕಂಪನಿಗಳು ಬಳಸಿ ಬಿಟ್ಟದ್ದು. ಕೆಲವದರಲ್ಲಿ ಹಳೇ ಕಂಪನಿಯ ಸೂಪರ್‌ವೈಸರ್ ಪಾಸ್‌ವರ್ಡ್ ಹಾಗೇ ಉಳಿದಿರುತ್ತೆ. ವಿಂಡೋಸ್ ಚೆನ್ನಾಗಿ ಓಡುತ್ತೆ, ಯಾರಿಗೂ ಗೊತ್ತಾಗುವುದಿಲ್ಲ. ನೀವು ನಿಮ್ಮ ಬೀಗ ಹಾಕಲು ಹೋದಾಗ ಅಥವಾ ವಿಂಡೋಸ್ ಮತ್ತೆ ಹಾಕಿಸಬೇಕಾದಾಗ ತಿಳಿಯುತ್ತೆ. ದುಡ್ಡು ಕೊಡುವ ಮೊದಲು ಅಲ್ಲೇ ರೀಸ್ಟಾರ್ಟ್ ಮಾಡಿಸಿ, ಎಫ್1 ಅಥವಾ ಎಫ್2 ಒತ್ತಿ ಸೆಟಪ್ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ, ಮಾರುವವರು "ಅದೇನೂ ಆಗಲ್ಲ ಸಾರ್" ಅಂದರೂ, ಪಕ್ಕದ ಅಂಗಡಿಗೆ ಹೋಗಿ.